ದೀನಬಂಧು ಫಾದರ್ ಮುಲ್ಲರ್

ಮಂಗಳೂರಿನ ಕಂಕನಾಡಿಯ ಹೆಸರನ್ನು ಕೇಳಿದೊಡನೆ ಫಾದರ್ ಅಗಸ್ಟಸ್ ಮುಲ್ಲರರ ಸ್ಮರಣೆಯಾಗುತ್ತದೆ. 1841ರಲ್ಲಿ ಜರ್ಮನಿಯಲ್ಲಿ ಜನಿಸಿದ ಈ ಜೆಸುಯಿಟ್ ಪಾದ್ರಿಗಳು 1878ರ ಅಂತ್ಯದಲ್ಲಿ ಮಂಗಳೂರಿಗೆ ಬಂದರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುವುದು ಅವರಿಗೆ ವಹಿಸಿದ ಕಾರ್ಯ. ಆದರೆ ಹೋಮಿಯೋಪಥಿಯನ್ನು ಬಲ್ಲ ಅವರು ಅಸ್ವಸ್ಥ ವಿದ್ಯಾರ್ಥಿಗಳಿಗೂ ನೆರೆಯ ಬಡವರಿಗೂ ಔಷಧ ಕೊಡತೊಡಗಿದರು. ಹೀಗೆ 1880ರಲ್ಲಿ ಬಡವರ ಔಷಧಾಲಯವೊಂದು ಆರಂಭವಾಗಿ, ಕಂಕನಾಡಿಯಲ್ಲಿ ಬೇರೂರಿತು.

ಬಡವರಲ್ಲಿ ಹಣವಿಲ್ಲ, ಹಣವಿಲ್ಲದೆ ಔಷಧಾಲಯ ನಡೆಯದು. ಅದಕ್ಕಾಗಿ ಅವರು ಔಷಧಗಳನ್ನು ಸಿದ್ಧಪಡಿಸಿ ದೂರದ ಊರುಗಳಿಗೆ ಮಾರಿ, ಬಂದ ಲಾಭವನ್ನು ರೋಗಿಗಳ ಸೇವೆಗೇ ವಿನಿಯೋಗಿಸಿದರು.

ಕುಷ್ಠರೋಗಿಗಳನ್ನು ಸ್ವಂತ ಬಂಧುಗಳೇ ಮನೆಯಿಂದ ಹೊರಗಟ್ಟುತ್ತಿದ್ದ ಕಾಲವದು. ಆ ರೋಗವನ್ನು ಗುಣಪಡಿಸಬಲ್ಲ ಮದ್ದು ಆಗ ಜಗತ್ತಿನಲ್ಲೆಲ್ಲೂ ಇರಲಿಲ್ಲ. ಆದರೂ 1890ರಲ್ಲಿ ಅವರಿಗಾಗಿ ಆಶ್ರಯಧಾಮವನ್ನು ತೆರೆದರು. ರೋಗ ವಾಸಿಯಾಗದಿದ್ದರೂ ರೋಗಿಯನ್ನು ಕೈಬಿಡಲಾಗದೆಂಬುದೇ ಅವರ ಧರ್ಮವಾಗಿತ್ತು. 1895ರಲ್ಲಿ ಆಸ್ಪತ್ರೆಯೂ ತಲೆಯೆತ್ತಿತು.

1910ರ ನವೆಂಬರ್ 1ರಂದು ಮುಲ್ಲರರು ಮಂಗಳೂರಿನಲ್ಲಿಯೇ ಕಾಲವಾದರು. ಅವರು ನೆಟ್ಟ ಸಸಿ ಇಂದು ವೈದ್ಯಕೀಯ ಕಾಲೇಜನ್ನೂ ಒಳಗೊಂಡ ಹೆಮ್ಮರವಾಗಿದೆ. ಪಾಠ ಹೇಳಲು ಬಂದವರು ಕಣ್ಣೆದುರಿನ ನೋವನ್ನು ಕಂಡು ಸುಮ್ಮನಿರಲಿಲ್ಲ. ವಿದ್ಯಾರ್ಥಿಗಳಾದ ನಾವು ಅವರಿಂದ ಕಲಿಯಬೇಕಾದ ದೊಡ್ಡ ಪಾಠವೇ ಅದು.