ಬಸುರಿಯರ ಬಂಧು ಲೂಸಿ ವಿಲ್ಸ್

ಇಂಗ್ಲೆಂಡಿನಲ್ಲಿ 1888ರಲ್ಲಿ ಜನಿಸಿದ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದರು. ಅಲ್ಲಿ ಗಿರಣಿ ಕೆಲಸದ ಬಸುರಿಯರು ರಕ್ತವಿಲ್ಲದೆ ಬಿಳಿಚಿ ಸಾಯುತ್ತಿದ್ದರು. ರೋಗಾಣು ಸಿಗದಿರಲು ಆಕೆ ಅವರ ಊಟವನ್ನೇ ಪರೀಕ್ಷಿಸಿದರು. ಯೀಸ್ಟಿನ ಸಾರವಾದ ಮಾರ್ಮೈಟನ್ನು ಮೊದಲು ಕೋತಿಗೆ, ಅನಂತರ ರೋಗಿಗಳಿಗೆ ಕೊಡಲು ರಕ್ತ ಚೇತರಿಸಿತು. 1931ರಲ್ಲಿ ಇದನ್ನು ಪ್ರಕಟಿಸಿದರು. ಅದರೊಳಗಿನ ಗುಣವೇ ಫೋಲಿಕ್ ಆಮ್ಲ. ನಮ್ಮ ಮಧುಗಿರಿ ಕಡೆಯ ಬೆರಕೆ ಸೊಪ್ಪಿನಲ್ಲಿಯೂ ಅದುಂಟು. ಸೊಪ್ಪು ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮವ್ವ ಜಾಣೆ!

ಆಕೆ 1964ರಲ್ಲಿ ತೀರಿಕೊಂಡರು. ಗರ್ಭ ನಿಲ್ಲುವ ಮುಂಚಿನಿಂದಲೇ ಈ ಆಮ್ಲವನ್ನು ಸೇವಿಸಿದರೆ ಶಿಶುವಿನ ಬೆನ್ನುಹುರಿಯ ದೋಷವನ್ನು ಬಹುಪಾಲು ತಪ್ಪಿಸಬಹುದೆಂದು 1991ರಲ್ಲಿ ತಿಳಿದುಬಂತು. ಬೆನ್ನುಹುರಿಯಾಗುವ ನಾಳ ಮುಚ್ಚುವುದು ಸುಮಾರು 28 ದಿನಗಳಲ್ಲಿ, ಬಸುರೆಂದು ಗೊತ್ತಾಗುವ ಹೊತ್ತಿಗೇ. ಪಾವಗಡದಲ್ಲಿರುವ ನನ್ನ ಅಕ್ಕ ಮಾತ್ರೆ ನುಂಗತೊಡಗಿದ್ದು ಮೂರನೆಯ ತಿಂಗಳಲ್ಲಿ. ಬರುವ ವೈಶಾಖದಲ್ಲಿ ತಂಗಿಯ ಮದುವೆ. ಅವ್ವನ ಮೂಲಕ ಈಗಲೇ ಹೇಳಿಸಿದ್ದೇನೆ.