ಒಂದೇ ತಾರೀಖು, ಎರಡು ಲೆಕ್ಕ

ಇತಿಹಾಸದಲ್ಲಿ ಕೆಲವು ತಾರೀಖುಗಳ ಮೇಲೆ ಘಟನೆಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಜುಲೈ 4 ಅಂಥದೊಂದು. ಅಮೆರಿಕದ ಸ್ವಾತಂತ್ರ್ಯ ಘೋಷಣೆ 1776ರಲ್ಲಿ ಅಂಗೀಕಾರವಾದದ್ದು ಅಂದು. ಅದರ ಕರಡನ್ನು ಬರೆದ ಥಾಮಸ್ ಜೆಫರ್ಸನ್, ಅದಕ್ಕಾಗಿ ಸಭೆಯಲ್ಲಿ ವಾದಿಸಿದ ಜಾನ್ ಆಡಮ್ಸ್ ಇಬ್ಬರೂ ನಿಧನರಾದದ್ದು 1826ರ ಜುಲೈ 4ರಂದು, ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, ಕೆಲವೇ ಗಂಟೆಗಳ ಅಂತರದಲ್ಲಿ. ಐದನೆಯ ಅಧ್ಯಕ್ಷ ಜೇಮ್ಸ್ ಮನ್ರೋ ತೀರಿಕೊಂಡದ್ದೂ 1831ರ ಅದೇ ದಿನ. 1898ರ ಜುಲೈ 4ರಂದು ಕಾಶ್ಮೀರದಲ್ಲಿ ಅಮೆರಿಕನ್ ಶಿಷ್ಯೆಯರೊಡನೆ ಆ ದಿನವನ್ನು ಆಚರಿಸಿ ಅದರ ಮೇಲೊಂದು ಕವಿತೆಯನ್ನೇ ರಚಿಸಿದ್ದ ಸ್ವಾಮಿ ವಿವೇಕಾನಂದರು ಬೇಲೂರು ಮಠದಲ್ಲಿ ದೇಹತ್ಯಾಗ ಮಾಡಿದ್ದು 1902ರ ಜುಲೈ 4ರಂದು.

ಇಂಥ ಕಡೆ ದೈವಸಂಕಲ್ಪವನ್ನು ಕಾಣುವ ಆಸೆ ಸಹಜ. ಆಗ ಅಧ್ಯಕ್ಷನಾಗಿದ್ದ ಆಡಮ್ಸ್‌ನ ಮಗ ಜಾನ್ ಕ್ವಿನ್ಸಿ ಆಡಮ್ಸ್ ಕೂಡ ತಂದೆಯ ಮತ್ತು ಜೆಫರ್ಸನ್ನನ ಮರಣದಲ್ಲಿ ದೇವರ ಕೃಪೆಯ ಗುರುತನ್ನು ಕಂಡ. ಘೋಷಣೆಗೆ 250 ವರ್ಷ, ಈ ಜೋಡಿ ಮರಣಕ್ಕೆ 200 ವರ್ಷ ತುಂಬುವುದು 2026ರಲ್ಲಿ. ಆದರೆ ಜೆಫರ್ಸನ್ನನ ಬದುಕನ್ನು ಓದುವಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುವುದು ಯಾರೂ ಹಬ್ಬ ಮಾಡದ ಇನ್ನೊಂದು ಜುಲೈ 4. ಅದು 1827ರದು.

ಜೆಫರ್ಸನ್ 1743ರಲ್ಲಿ ವರ್ಜೀನಿಯಾದಲ್ಲಿ ತೋಟದ ಒಡೆಯರ ಮನೆತನದಲ್ಲಿ ಹುಟ್ಟಿದ. ವಕೀಲನಾದ, ಮಾಂಟಿಚೆಲೊ ಎಂಬ ಗುಡ್ಡದ ಮೇಲೆ ತಾನೇ ನಕ್ಷೆ ಬರೆದು ಮನೆ ಕಟ್ಟಿಸಿದ. ಘೋಷಣೆಯ ಕರಡು ಬರೆದಾಗ ಆತನಿಗೆ 33 ವರ್ಷ. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆಂಬ ವಿಚಾರವನ್ನು ಒಂದು ರಾಷ್ಟ್ರದ ಜನ್ಮಪತ್ರಿಕೆಯಲ್ಲಿ ಬರೆದದ್ದು ಸಣ್ಣ ಸಾಧನೆಯಲ್ಲ. ಗುಲಾಮರ ವ್ಯಾಪಾರವನ್ನು ಖಂಡಿಸುವ ಭಾಗವೂ ಆ ಕರಡಿನಲ್ಲಿತ್ತು. ಸಭೆ ಅದನ್ನು ತೆಗೆದುಹಾಕಿತು. ಮುಂದೆ ಆತ ವರ್ಜೀನಿಯಾದ ಗವರ್ನರ್, ಫ್ರಾನ್ಸಿನಲ್ಲಿ ರಾಯಭಾರಿ, ದೇಶದ ಮೊದಲ ವಿದೇಶಾಂಗ ಕಾರ್ಯದರ್ಶಿಯಾದ. 1801ರಿಂದ 1809ರವರೆಗೆ ಅಧ್ಯಕ್ಷನಾಗಿದ್ದ. 1803ರಲ್ಲಿ ಲೂಸಿಯಾನ ಪ್ರಾಂತ್ಯವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡು ದೇಶದ ವಿಸ್ತೀರ್ಣವನ್ನು ಸುಮಾರು ಇಮ್ಮಡಿಗೊಳಿಸಿದ. ಹೊರಗಿನಿಂದ ಗುಲಾಮರನ್ನು ತರುವುದನ್ನು ನಿಷೇಧಿಸುವ ಕಾನೂನಿಗೆ 1807ರಲ್ಲಿ ಸಹಿ ಹಾಕಿದವನೂ ಆತನೇ.

ಆಡಮ್ಸ್‌ನೊಡನೆ ಆತನ ಸಂಬಂಧ ಒಂದು ಕಾದಂಬರಿಗೆ ಸಾಲುವಷ್ಟಿದೆ. ಗೆಳೆಯರಾಗಿದ್ದವರು 1800ರ ಚುನಾವಣೆಯಲ್ಲಿ ಎದುರಾಳಿಗಳಾಗಿ ಮಾತು ಬಿಟ್ಟರು. 1812ರಲ್ಲಿ ಪತ್ರಗಳ ಮೂಲಕ ಮತ್ತೆ ಒಂದಾಗಿ, ಸಾಯುವವರೆಗೆ ಬರೆದುಕೊಂಡರು. 1826ರ ಜುಲೈ 4ರ ಮಧ್ಯಾಹ್ನ ಜೆಫರ್ಸನ್ 83ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದ. ಆ ಸುದ್ದಿ ತಿಳಿಯದೆಯೇ 90 ವರ್ಷದ ಆಡಮ್ಸ್ ಅಂದು ಸಂಜೆ ದೂರದ ಮ್ಯಾಸಚೂಸೆಟ್ಸ್‌ನಲ್ಲಿ ಕೊನೆಯುಸಿರೆಳೆದ.

ತನ್ನ ಗೋರಿಯ ಮೇಲೆ ಏನಿರಬೇಕೆಂದು ಜೆಫರ್ಸನ್ ಮೊದಲೇ ಗೊತ್ತುಮಾಡಿದ್ದ. ಸ್ವಾತಂತ್ರ್ಯ ಘೋಷಣೆ, ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಕಾನೂನು, ವರ್ಜೀನಿಯಾ ವಿಶ್ವವಿದ್ಯಾಲಯ ಈ ಮೂರು ಮಾತ್ರ ಅಲ್ಲಿವೆ, ಅಧ್ಯಕ್ಷಗಿರಿಯ ಉಲ್ಲೇಖವಿಲ್ಲ. ಅಧಿಕಾರಕ್ಕಿಂತ ವಿಚಾರ ದೊಡ್ಡದೆಂದು ತಿಳಿದವನ ಲೆಕ್ಕ ಅದು. ಇದನ್ನು ಗೌರವದಿಂದಲೇ ಓದುತ್ತೇನೆ.

ಆದರೆ ಆತನ ಇನ್ನೊಂದು ಲೆಕ್ಕ ಮಾಂಟಿಚೆಲೊದ ತೋಟದ ಪುಸ್ತಕಗಳಲ್ಲಿತ್ತು. ಜೀವಮಾನದಲ್ಲಿ ಆತ 600ಕ್ಕೂ ಹೆಚ್ಚು ಮನುಷ್ಯರ ಒಡೆಯನಾಗಿದ್ದ. ಅವರಲ್ಲೊಬ್ಬಳಾದ ಸ್ಯಾಲಿ ಹೆಮಿಂಗ್ಸಳ ಮಕ್ಕಳ ತಂದೆ ಆತನೇ ಎಂಬುದನ್ನು 1998ರ ಡಿಎನ್‌ಎ ಪರೀಕ್ಷೆಯ ಬಳಿಕ ಹೆಚ್ಚಿನ ಇತಿಹಾಸಕಾರರು ಒಪ್ಪಿದ್ದಾರೆ. ಉಯಿಲಿನಲ್ಲಿ ಬಿಡುಗಡೆ ಪಡೆದವರು ಐವರೇ. ಸಾಯುವಾಗ ಸಾಲ ಒಂದು ಲಕ್ಷ ಡಾಲರನ್ನು ಮೀರಿತ್ತು. ಅದನ್ನು ತೀರಿಸಲು 1827ರ ಜನವರಿಯಲ್ಲಿ ಮಾಂಟಿಚೆಲೊದಲ್ಲಿ ಹರಾಜು ನಡೆಯಿತು. ಪೀಠೋಪಕರಣ, ದನಕರುಗಳ ಜೊತೆಗೆ 130 ಮಂದಿ ಗುಲಾಮರೂ ಹರಾಜಿನ ಪಟ್ಟಿಯಲ್ಲಿದ್ದರು.

ಉಯಿಲಿನ ಐವರಲ್ಲಿ ಕಮ್ಮಾರ ಜೋಸೆಫ್ ಫಾಸೆಟ್ ಒಬ್ಬ. ಒಡೆಯ ತೀರಿಕೊಂಡು ಒಂದು ವರ್ಷವಾದ ಮೇಲೆ ಆತನಿಗೆ ಬಿಡುಗಡೆ ಎಂದು ಬರೆದಿತ್ತು. ಒಡೆಯ ತೀರಿಕೊಂಡ ದಿನವೇ ಜುಲೈ 4 ಆದುದರಿಂದ, ಫಾಸೆಟ್ ಸ್ವತಂತ್ರನಾಗುವ ದಿನವೂ 1827ರ ಜುಲೈ 4 ಆಯಿತು. ಆದರೆ ಹರಾಜು ಅದಕ್ಕೆ ಆರು ತಿಂಗಳು ಮುಂಚೆಯೇ ನಡೆದುಹೋಗಿತ್ತು. ಅಧ್ಯಕ್ಷರ ಭವನದಲ್ಲಿ ಫ್ರೆಂಚ್ ಅಡುಗೆ ಕಲಿತು ಮಾಂಟಿಚೆಲೊದ ಅತಿಥಿಗಳಿಗೆಲ್ಲ ಉಣಬಡಿಸಿದ್ದ ಪತ್ನಿ ಈಡಿತ್ ಮತ್ತು ಮಕ್ಕಳು ಬೇರೆ ಬೇರೆಯವರ ಪಾಲಾಗಿದ್ದರು. ಮಗ ಪೀಟರ್‌ಗೆ ಆಗ 11 ವರ್ಷ. ಮುಂದೆ ಕುಲುಮೆಯಲ್ಲಿ ದುಡಿದ ಫಾಸೆಟ್ ಪತ್ನಿಯನ್ನೂ ಕೆಲವು ಮಕ್ಕಳನ್ನೂ ಬಿಡಿಸಿಕೊಂಡ. ಪೀಟರ್ ಮಾತ್ರ ಇನ್ನೂ ಎರಡು ದಶಕಕ್ಕೂ ಹೆಚ್ಚು ಕಾಲ ಗುಲಾಮನಾಗಿಯೇ ಉಳಿದ.

ಆ ಕಾಲವೇ ಹಾಗಿತ್ತು ಎಂಬ ಸಮರ್ಥನೆಯನ್ನು ನಾನು ಪೂರ್ತಿ ಒಪ್ಪಲಾರೆ. ಅದೇ ಕಾಲದ ಆಡಮ್ಸ್ ಒಬ್ಬ ಗುಲಾಮನನ್ನೂ ಇಟ್ಟುಕೊಳ್ಳಲಿಲ್ಲ. ಅದೇ ವರ್ಜೀನಿಯಾದ ಜಾರ್ಜ್ ವಾಷಿಂಗ್ಟನ್ ತನ್ನ ಸ್ವಂತ ಗುಲಾಮರೆಲ್ಲರ ಬಿಡುಗಡೆಗೆ ಉಯಿಲಿನಲ್ಲಿ ಬರೆದಿಟ್ಟ. ಹಾಗೆಂದು ಘೋಷಣೆಯ ಮಾತು ಸುಳ್ಳಾಯಿತೆಂದೂ ನಾನು ಹೇಳಲಾರೆ. ಗುಲಾಮಗಿರಿಯ ವಿರುದ್ಧ ದನಿ ಎತ್ತಿದವರು ಮತ್ತೆ ಮತ್ತೆ ಎತ್ತಿ ತೋರಿಸಿದ್ದು ಅದೇ ಮಾತನ್ನು. ಬರೆದವನು ಪಾಲಿಸದ ಮಾತನ್ನು ಅದರಿಂದ ವಂಚಿತರಾದವರೇ ಹಕ್ಕಾಗಿ ಹಿಡಿದುಕೊಂಡರು. ಜಾತಿಯ ಸಂಕೋಲೆಗಳ ನಡುವೆ ಸಮಾನತೆಯನ್ನು ಸಂವಿಧಾನದಲ್ಲಿ ಬರೆದುಕೊಂಡಿರುವ ನಮಗೆ ಇದು ಪರಕೀಯ ಕತೆಯೇನೂ ಅಲ್ಲ.

ಕ್ಯಾಲೆಂಡರಿನ ಇನ್ನೊಂದು ಆಕಸ್ಮಿಕವನ್ನು ಹೇಳಿ ಮುಗಿಸುತ್ತೇನೆ. ಫಾಸೆಟ್ ಸ್ವತಂತ್ರನಾದ 1827ರ ಜುಲೈ 4ರಂದೇ ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿ ಕೊನೆಗೊಂಡಿತು. ಆದರೆ ನ್ಯೂಯಾರ್ಕ್ ನಗರದ ಕಪ್ಪು ಜನರ ದೊಡ್ಡ ಮೆರವಣಿಗೆ ಹೊರಟದ್ದು ಮರುದಿನ, ಜುಲೈ 5ರಂದು.