ಮಳೆಯಲ್ಲೂ ಈಡು ಹಾರುವಂತೆ ಮಾಡಿದ ಪಾದ್ರಿ: ಕೇಪಿನ ಕೋವಿ ಹಿಂದಿನ ಕಥೆ ಗೊತ್ತಾ?

ನಮ್ಮ ಮಲೆನಾಡಿನ ಹಳೇ ಮನೆಗಳಲ್ಲಿ ಕೇಪಿನ ಕೋವಿ ನೋಡದವರು ಕಡಿಮೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿಕೊಂಡ ಕೋವಿ ಅದು. ಎಲೆಕ್ಷನ್ ಬಂತು ಅಂದ್ರೆ ಗೋಣಿಚೀಲದಲ್ಲಿ ಸುತ್ತಿಕೊಂಡು ಸ್ಟೇಷನ್‌ಗೆ ಹೋಗಿ ಡೆಪಾಸಿಟ್ ಮಾಡಿ ಬರಬೇಕು. ನಮ್ಮಜ್ಜನೂ ಹಾಗೇ ಮಾಡೋರು. ಬಾಯಿಂದ ಮದ್ದು ಸುರಿದು, ಗಜ ಹಾಕಿ ಜಡಿದು, ಮೇಲೆ ಚರೆ ತುಂಬಿಸಿ, ಕೊನೆಗೆ ಹಿಂದುಗಡೆ ಪುಟ್ಟ ತಾಮ್ರದ ಟೋಪಿಯಂಥ ಕೇಪು ಸಿಕ್ಕಿಸಿದರೆ ಕೋವಿ ರೆಡಿ.

ಆ ಕೇಪು ನೋಡಿದಾಗೆಲ್ಲ ನನಗೊಂದು ಪ್ರಶ್ನೆ. ಕಡಲೆಕಾಳಿಗಿಂತ ಚಿಕ್ಕದಾದ ಇದನ್ನು ಯಾರು ಕಂಡುಹಿಡಿದಿರಬಹುದು? ದೊಡ್ಡ ಸೇನಾಧಿಕಾರಿಯೋ, ದೊಡ್ಡ ವಿಜ್ಞಾನಿಯೋ ಇರಬೇಕು ಅಂದುಕೊಂಡಿದ್ದೆ. ಹುಡುಕಿ ನೋಡಿದರೆ ಇದರ ಮೂಲದಲ್ಲಿ ಇದ್ದಿದ್ದು ಸ್ಕಾಟ್ಲೆಂಡಿನ ಒಂದು ಹಳ್ಳಿ ಚರ್ಚಿನ ಪಾದ್ರಿ! ಹೆಸರು ಅಲೆಕ್ಸಾಂಡರ್ ಜಾನ್ ಫೋರ್ಸೈತ್. ಆತ ತೀರಿಕೊಂಡಿದ್ದು 1843ರ ಜೂನ್ 11ರಂದು. ನಮ್ಮಲ್ಲಿ ಮುಂಗಾರು ಹಿಡಿಯೋ ಹೊತ್ತು. ಮಳೆಗೂ ಈ ಕಥೆಗೂ ಸಂಬಂಧ ಇದೆ, ಮುಂದೆ ಹೇಳ್ತೀನಿ.

ಅಪ್ಪನ ಚರ್ಚು, ಮಗನ ಕಮ್ಮಾರಿಕೆ

ಸ್ಕಾಟ್ಲೆಂಡಿನ ಈಶಾನ್ಯ ತುದಿಯಲ್ಲಿ ಅಬರ್ಡೀನ್ ಅಂತ ಊರಿದೆ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ, ಸಮುದ್ರದ ಪಕ್ಕದಲ್ಲೇ ಇರೋ ಹಳ್ಳಿ ಬೆಲ್‌ಹೆಲ್ವಿ. ಫೋರ್ಸೈತ್ ಹುಟ್ಟಿದ್ದು 1768ರ ಡಿಸೆಂಬರ್‌ನಲ್ಲಿ, ಇದೇ ಊರಿನ ಪಾದ್ರಿ ಮನೆಯಲ್ಲಿ. ಅಪ್ಪ ಜೇಮ್ಸ್ ಫೋರ್ಸೈತ್ ಅಲ್ಲಿನ ಚರ್ಚಿನ ಪಾದ್ರಿ. ಮಗ ಅಬರ್ಡೀನ್‌ನ ಕಿಂಗ್ಸ್ ಕಾಲೇಜಿನಲ್ಲಿ ಓದಿದ. ಅಪ್ಪ ಹೋದ ಮೇಲೆ 1791ರಲ್ಲಿ ಅದೇ ಚರ್ಚಿನ ಹೊಣೆ ಮಗನ ಹೆಗಲಿಗೆ ಬಿತ್ತು. ಆಗಿನ್ನೂ 22ರ ಹುಡುಗ. ಅಲ್ಲಿಂದ ಸಾಯೋವರೆಗೆ, ಅಂದ್ರೆ 50 ವರ್ಷಕ್ಕೂ ಹೆಚ್ಚು ಕಾಲ ಒಂದೇ ಊರು, ಒಂದೇ ಚರ್ಚು. ಮದುವೆಯೂ ಆಗಲಿಲ್ಲ.

ಭಾನುವಾರ ಪ್ರಾರ್ಥನೆ, ಉಪದೇಶ. ಉಳಿದ ಟೈಮಲ್ಲಿ ಆತನಿಗೆ ಎರಡು ಹುಚ್ಚು. ಒಂದು, ಸಮುದ್ರದಂಚಿನ ಕಾಡುಬಾತುಗಳ ಶಿಕಾರಿ. ಇನ್ನೊಂದು, ಕೆಮಿಸ್ಟ್ರಿ ಮತ್ತು ಕಬ್ಬಿಣದ ಕೆಲಸ. ಮನೆ ಹತ್ತಿರವೇ ಒಂದು ಸಣ್ಣ ವರ್ಕ್‌ಶಾಪ್ ಮಾಡಿಕೊಂಡು ತನ್ನ ಕೈಯಾರೆ ಏನಾದರೊಂದು ಬಡಿಯುತ್ತಿದ್ದ. ಇವತ್ತು ನಮ್ಮಲ್ಲಿ ಕಾಡುಹಕ್ಕಿ ಹೊಡೆದರೆ ನೇರ ಜೈಲೇ, ಅದು ಬೇರೆ ಮಾತು. ಆ ಕಾಲದ ಸ್ಕಾಟ್ಲೆಂಡಿನಲ್ಲಿ ಶಿಕಾರಿ ದೊಡ್ಡವರ ಮಾಮೂಲಿ ಹವ್ಯಾಸ.

ಹಕ್ಕಿ ಹಾರಿ ಹೋಗ್ತಿತ್ತು

ಆಗಿನ ಕೋವಿಗೆ ಕೇಪು ಇರಲಿಲ್ಲ. ಚಕಮಕಿ ಕಲ್ಲೇ ಗತಿ. ಕೋವಿಯ ಕುದುರೆಯ ಬಾಯಿಗೆ ಒಂದು ಚಕಮಕಿ ಕಲ್ಲು ಕಚ್ಚಿಸಿರ್ತಾರೆ. ಟ್ರಿಗರ್ ಎಳೆದಾಗ ಕಲ್ಲು ಹೋಗಿ ಉಕ್ಕಿನ ತಗಡಿಗೆ ಉಜ್ಜುತ್ತೆ. ಕಿಡಿ ಹಾರಿ ಪಕ್ಕದ ಪುಟ್ಟ ಬಟ್ಟಲಿನಲ್ಲಿರೋ ಮದ್ದಿಗೆ ಬೀಳುತ್ತೆ. ಆ ಮದ್ದು ಭಗ್ ಅಂತ ಹೊತ್ತಿ, ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಗೆ ಹೋದ ಮೇಲೆ ಈಡು ಹಾರಬೇಕು. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದಾಗ ಇಂಗ್ಲಿಷರ ಕೈಯಲ್ಲಿದ್ದಿದ್ದೂ ಚಕಮಕಿ ಕೋವಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಾಡಿಸಿದ ಚೆಂದದ ಕೋವಿಗಳಲ್ಲೂ ಚಕಮಕಿಯೇ ಇತ್ತು.

ಇದರಲ್ಲಿ ತೊಂದರೆ ಒಂದೆರಡಲ್ಲ. ಗಾಳಿ ಬೀಸಿದರೆ ಬಟ್ಟಲಿನ ಮದ್ದು ಹಾರಿಹೋಗುತ್ತೆ. ಮಳೆ ಬಂದರೆ ನೆನೆದು ಮುದ್ದೆಯಾಗುತ್ತೆ. ಕಲ್ಲು ಸವೆದರೆ ಕಿಡಿಯೇ ಬರಲ್ಲ. ಬಂದರೂ ಬಟ್ಟಲಿನಲ್ಲಿ ಬೆಂಕಿ ಕಾಣಿಸಿಕೊಳ್ಳೋದಕ್ಕೂ ಈಡು ಹಾರೋದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಅಂತರ. ಫೋರ್ಸೈತ್‌ಗೆ ತಲೆನೋವಾಗಿದ್ದು ಈ ಕೊನೆಯದೇ. ಬಟ್ಟಲಿನ ಮಿಂಚು ಕಂಡ ತಕ್ಷಣ ಬಾತುಗಳು ನೀರಿಗೆ ಮುಳುಗೋವು ಅಥವಾ ದಿಕ್ಕು ಬದಲಿಸಿ ಹಾರೋವು. ಈಡು ಹೋಗಿ ಖಾಲಿ ನೀರಿಗೆ ಬೀಳ್ತಿತ್ತು.

ಮೊದಲು ಮಿಂಚು ಕಾಣದ ಹಾಗೆ ಒಂದು ಮುಚ್ಚಳ ಮಾಡಿ ನೋಡಿದ. ಅದು ತೇಪೆ ಕೆಲಸ ಅಷ್ಟೇ. ಆಮೇಲೆ ಆತನ ತಲೆ ಬೇರೆ ಕಡೆಗೆ ಓಡಿತು. ಕಿಡಿಯೇ ಬೇಡ, ಬಟ್ಟಲೇ ಬೇಡ, ಬರೀ ಒಂದು ಪೆಟ್ಟಿಗೆ ಹೊತ್ತಿಕೊಳ್ಳೋ ವಸ್ತು ಸಿಕ್ಕರೆ?

ಪ್ರಾಣದ ಮೇಲಿನ ಆಟ

ಅಂಥ ವಸ್ತುಗಳು ಆಗಷ್ಟೇ ಬೆಳಕಿಗೆ ಬರ್ತಾ ಇದ್ದವು. ಫ್ರಾನ್ಸಿನ ಬರ್ತೊಲೆ ಅನ್ನೋ ರಸಾಯನ ವಿಜ್ಞಾನಿ ಪೊಟ್ಯಾಸಿಯಂ ಕ್ಲೋರೇಟ್ ಮೇಲೆ ಕೆಲಸ ಮಾಡಿದ್ದ. ಮಾಮೂಲಿ ಮದ್ದಿನ ಬದಲು ಅದನ್ನು ಬಳಸೋಣ ಅಂತ 1788ರಲ್ಲಿ ಎಸ್ಸಾನ್ ಅನ್ನೋ ಊರಿನಲ್ಲಿ ಪ್ರಯೋಗ ಮಾಡಲು ಹೋಗಿ ಸ್ಫೋಟವಾಗಿ ಇಬ್ಬರು ಸತ್ತರು. ಇಂಗ್ಲೆಂಡಿನ ಎಡ್ವರ್ಡ್ ಹೊವಾರ್ಡ್ 1800ರಲ್ಲಿ ಪಾದರಸದ ಫಲ್ಮಿನೇಟ್ ಬಗ್ಗೆ ಪ್ರಕಟಿಸಿದ. ಟಿಪ್ಪು ಸತ್ತ ಮರುವರ್ಷ. ಪ್ರಯೋಗದಲ್ಲಿ ಹೊವಾರ್ಡ್ ಕೂಡ ಗಾಯ ಮಾಡಿಕೊಂಡ. ನಳಿಗೆಯಲ್ಲಿ ಮದ್ದಿನ ಬದಲು ಇದನ್ನೇ ತುಂಬಿದರೆ ಕೋವಿಯೇ ಒಡೆದು ಚೂರಾಗೋದು ಅನ್ನೋದು ಗೊತ್ತಾದ ಮೇಲೆ ಎಲ್ಲರೂ ಕೈಬಿಟ್ಟರು.

ಫೋರ್ಸೈತ್‌ನ ಬುದ್ಧಿವಂತಿಕೆ ಇರೋದು ಇಲ್ಲೇ ನೋಡಿ. ಮದ್ದನ್ನು ಬದಲಿಸೋದು ಬೇಡ, ಒಳಗೆ ಹಳೇ ಮದ್ದೇ ಇರಲಿ, ಅದಕ್ಕೆ ಬೆಂಕಿ ಮುಟ್ಟಿಸೋಕೆ ಮಾತ್ರ ಈ ಹೊಸ ಪುಡಿ ಸಾಕು ಅಂತ ಆತ ಯೋಚಿಸಿದ. ಅದೂ ಚಿಟಿಕೆಗಿಂತ ಕಡಿಮೆ. ಉಳಿದವರು ಬಲ ನೋಡಿ ಹೆದರಿದರು, ಈತ ಅದೇ ಬಲವನ್ನು ಬೆಂಕಿಕಡ್ಡಿ ಥರ ಬಳಸಿದ. ವರ್ಷಗಟ್ಟಲೆ ಆ ವರ್ಕ್‌ಶಾಪಿನಲ್ಲಿ ಒಂಟಿಯಾಗಿ ಈ ಪುಡಿಗಳ ಜೊತೆ ಕೆಲಸ ಮಾಡಿಯೂ ಬದುಕಿದ್ದೇ ದೊಡ್ಡದು. ಓದುಗರಲ್ಲಿ ಒಂದು ಮಾತು: ಇಂಥ ಪುಡಿಗಳನ್ನು ಮನೆಯಲ್ಲಿ ಮಾಡೋಕೆ ಹೋಗಿ ಕೈ, ಕಣ್ಣು ಕಳೆದುಕೊಂಡವರಿದ್ದಾರೆ. ಇದು ಓದೋ ಕಥೆ, ಮಾಡೋ ಕೆಲಸ ಅಲ್ಲ.

1805ರ ಹೊತ್ತಿಗೆ ಆತನ ಕೋವಿ ತಯಾರಾಯ್ತು. ಚಕಮಕಿ ಇದ್ದ ಜಾಗದಲ್ಲಿ ಅತ್ತರು ಬಾಟಲಿಯಂಥ ಪುಟ್ಟ ಕಬ್ಬಿಣದ ಡಬ್ಬಿ. ಒಳಗೆ ಸುಮಾರು 20 ಈಡಿಗೆ ಆಗುವಷ್ಟು ಪುಡಿ. ಡಬ್ಬಿ ತಿರುಗಿಸಿದರೆ ಒಂದು ಈಡಿಗೆ ಬೇಕಾದಷ್ಟೇ ಪುಡಿ ಕೆಳಗೆ ಬೀಳುತ್ತೆ. ವಾಪಸ್ ತಿರುಗಿಸಿ ಟ್ರಿಗರ್ ಎಳೆದರೆ ಕುದುರೆ ಬಂದು ಮೊಳೆಯ ತಲೆಗೆ ಹೊಡೆಯುತ್ತೆ. ಮೊಳೆ ಪುಡಿಗೆ ಕುಟ್ಟುತ್ತೆ. ಢಂ! ಹೊರಗೆ ಮಿಂಚಿಲ್ಲ, ತಡ ಇಲ್ಲ. ಬಾತಿಗೆ ಗೊತ್ತಾಗೋದೇ ಇಲ್ಲ.

ಲಂಡನ್‌ಗೆ ಹೋಗಿ ಬರಿಗೈಲಿ ವಾಪಸ್

1806ರಲ್ಲಿ ಕೋವಿ ಹಿಡಿದು ಲಂಡನ್‌ಗೆ ಹೋದ. ಆಗ ಇಂಗ್ಲೆಂಡಿಗೆ ನೆಪೋಲಿಯನ್ ಜೊತೆ ಯುದ್ಧ. ಸೈನ್ಯಕ್ಕೆ ಆಯುಧ ಒದಗಿಸುವ ಇಲಾಖೆಯ ಮುಖ್ಯಸ್ಥ ಲಾರ್ಡ್ ಮೊಯಿರಾಗೆ ಇದು ಇಷ್ಟವಾಯ್ತು. ಲಂಡನ್ ಟವರ್‌ನಲ್ಲೇ ಜಾಗ ಕೊಟ್ಟು, ಸೈನ್ಯದ ಕೋವಿಗೆ ಹೊಂದುವಂತೆ ಮಾಡಿಕೊಡು ಅಂದ. ಬೆಲ್‌ಹೆಲ್ವಿ ಚರ್ಚಿಗೆ ಬದಲಿ ಪಾದ್ರಿಯನ್ನು ಇಟ್ಟು ಫೋರ್ಸೈತ್ ಟವರ್‌ನಲ್ಲಿ ದುಡಿದ.

ಅಷ್ಟರಲ್ಲಿ 1807ರಲ್ಲಿ ಸರ್ಕಾರ ಬದಲಾಯ್ತು. ಮೊಯಿರಾ ಜಾಗಕ್ಕೆ ಲಾರ್ಡ್ ಚ್ಯಾಥಮ್ ಬಂದ. ಹೊಸ ಸಾಹೇಬರಿಗೆ ಹಳೇ ಸಾಹೇಬರ ಕೆಲಸ ಬೇಡವಾಯ್ತು. ನಿನ್ನ ಸಾಮಾನು, ಕಸ ಎಲ್ಲ ತಗೊಂಡು ಜಾಗ ಖಾಲಿ ಮಾಡು ಅನ್ನೋ ಅರ್ಥದ ಆದೇಶ ಹೋಯ್ತು. ಆಫೀಸರ್ ಟ್ರಾನ್ಸ್‌ಫರ್ ಆದ ಕೂಡಲೇ ಫೈಲು ಮೂಲೆ ಸೇರೋದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ವಿ ಅಲ್ವಾ?

ಈ ವಿಷಯ ತಿಳಿದ ನೆಪೋಲಿಯನ್ 20 ಸಾವಿರ ಪೌಂಡ್ ಕೊಡ್ತೀನಿ, ಗುಟ್ಟು ಕೊಡು ಅಂತ ಹೇಳಿ ಕಳಿಸಿದ್ದ, ದೇಶಕ್ಕೆ ದ್ರೋಹ ಮಾಡಲ್ಲ ಅಂತ ಪಾದ್ರಿ ಒಪ್ಪಲಿಲ್ಲ ಅನ್ನೋ ಕಥೆ ಸ್ಕಾಟ್ಲೆಂಡಿನಲ್ಲಿ ಇವತ್ತಿಗೂ ಓಡಾಡುತ್ತೆ. ಜನ ಹೇಳಿಕೊಂಡು ಬಂದ ಮಾತು ಅಂತಲೇ ಇದನ್ನು ತಗೊಳ್ಳಿ.

ಸರ್ಕಾರ ಕೈಬಿಟ್ಟರೂ ಪಾದ್ರಿ ಸುಮ್ಮನೆ ಕೂರಲಿಲ್ಲ. 1807ರ ಏಪ್ರಿಲ್ 11ರಂದು ಪೇಟೆಂಟ್ ಪಡೆದ. ಅದರ ಬರವಣಿಗೆಗೆ ಸಹಾಯ ಮಾಡಿದ್ದು ಸ್ಟೀಮ್ ಎಂಜಿನ್ ಖ್ಯಾತಿಯ ಜೇಮ್ಸ್ ವ್ಯಾಟ್. ಪೇಟೆಂಟಿನಲ್ಲಿ ಬರೀ ಡಬ್ಬಿಯ ವಿನ್ಯಾಸ ಇರಲಿಲ್ಲ, ಪೆಟ್ಟಿಗೆ ಹೊತ್ತೋ ಪುಡಿಯಿಂದ ಕೋವಿ ಹಾರಿಸುವ ವಿಧಾನವೇ ಇತ್ತು. 1808ರಲ್ಲಿ ಲಂಡನ್‌ನ ಪಿಕಾಡಿಲಿಯಲ್ಲಿ ಆತನ ಹೆಸರಲ್ಲಿ ಅಂಗಡಿ ಶುರುವಾಯ್ತು. ಮುಂದೆ ಜಗತ್ಪ್ರಸಿದ್ಧ ಕೋವಿ ಕಂಪನಿ ಕಟ್ಟಿದ ಜೇಮ್ಸ್ ಪರ್ಡಿ ಇದೇ ಅಂಗಡಿಯಲ್ಲಿ ಕೆಲಸಕ್ಕಿದ್ದವ. ಜೋಸೆಫ್ ಮ್ಯಾಂಟನ್ ಅನ್ನೋ ದೊಡ್ಡ ಕೋವಿ ತಯಾರಕ ಇದೇ ವಿಧಾನ ಬಳಸಿದಾಗ ಕೋರ್ಟಿಗೆ ಎಳೆದು ಗೆದ್ದದ್ದೂ ಆಯ್ತು. ಫೋರ್ಸೈತ್ ಮಾತ್ರ ಲಂಡನ್‌ನಲ್ಲಿ ಉಳಿಯದೆ ತನ್ನ ಹಳ್ಳಿಗೆ, ತನ್ನ ಚರ್ಚಿಗೆ ಹಿಂತಿರುಗಿದ.

ಡಬ್ಬಿ ಹೋಗಿ ಕೇಪು ಬಂತು

ಅತ್ತರು ಬಾಟಲಿ ಕೋವಿ ದುಬಾರಿ, ನಾಜೂಕು ಕೂಡ. ಹಾಗಾಗಿ ಅದೇ ಪುಡಿಯನ್ನು ಬೇರೆ ಬೇರೆ ರೂಪದಲ್ಲಿ ಇಡೋಕೆ ಹಲವರು ನೋಡಿದರು. ಗುಳಿಗೆ ಮಾಡಿದರು, ತಾಮ್ರದ ಕೊಳವೆ ಮಾಡಿದರು. ಕೊನೆಗೆ ನಿಂತಿದ್ದು ತಾಮ್ರದ ಟೋಪಿ, ಅಂದ್ರೆ ನಮ್ಮ ಕೇಪು. ಇದನ್ನು ಮೊದಲು ಮಾಡಿದ್ದು ನಾನೇ ಅಂತ ನಾಲ್ಕೈದು ಜನ ಹೇಳಿಕೊಂಡರು. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಚಿತ್ರಕಾರ ಜೋಶುವಾ ಶಾ 1822ರಲ್ಲಿ ಅಲ್ಲಿ ಪೇಟೆಂಟ್ ತಗೊಂಡ. ಟೋಪಿ ಯಾರದೇ ಇರಲಿ, ಅದರೊಳಗಿನ ಯೋಚನೆ ಬೆಲ್‌ಹೆಲ್ವಿ ಪಾದ್ರಿಯದ್ದು. ಆತನ ಪೇಟೆಂಟ್ 1821ಕ್ಕೇ ಮುಗಿದಿತ್ತು. ಆಮೇಲೆ ಯಾರು ಬೇಕಾದರೂ ಮಾಡಬಹುದು, ಆತನಿಗೆ ಕಾಸು ಸಿಗಲ್ಲ.

ಬ್ರಿಟಿಷ್ ಸೈನ್ಯ ಕಣ್ಣು ಬಿಟ್ಟಿದ್ದು 1834ರಲ್ಲಿ. ವೂಲ್‌ವಿಚ್‌ನಲ್ಲಿ ಚಕಮಕಿ ಕೋವಿ, ಕೇಪಿನ ಕೋವಿ ಎರಡರಿಂದಲೂ ತಲಾ 6,000 ಈಡು ಹಾರಿಸಿ ಪರೀಕ್ಷೆ ಮಾಡಿದರು. ಚಕಮಕಿ ಕೋವಿ 922 ಸಲ ಠುಸ್ ಅಂತು. ಕೇಪಿನ ಕೋವಿ ಕೈಕೊಟ್ಟಿದ್ದು ಬರೀ 36 ಸಲ. ಅಂದ್ರೆ ಒಂದು ಆರೂವರೆ ಈಡಿಗೊಮ್ಮೆ, ಇನ್ನೊಂದು 166 ಈಡಿಗೊಮ್ಮೆ. ಇಷ್ಟಾದರೂ ಎಲ್ಲ ಸೈನಿಕರಿಗೆ ಹೊಸ ಕೋವಿ ತಲುಪೋಕೆ ಇನ್ನೂ ವರ್ಷಗಳು ಹಿಡಿದವು.

ಮದ್ರಾಸ್ ಸಿಪಾಯಿಗಳು ಮಳೆಯಲ್ಲಿ ಸಿಕ್ಕಿಬಿದ್ದಾಗ

ಆ ವಿಳಂಬದ ಬೆಲೆ ತೆತ್ತವರಲ್ಲಿ ನಮ್ಮ ದಕ್ಷಿಣ ಭಾರತದ ಸಿಪಾಯಿಗಳೂ ಇದ್ದರು. 1841ರ ಮೇ ಕೊನೆ. ಅಫೀಮು ಯುದ್ಧದ ಕಾಲ. ಚೀನಾದ ಕ್ಯಾಂಟನ್ ನಗರದ ಹೊರವಲಯದಲ್ಲಿ ಮದ್ರಾಸ್ ಸೈನ್ಯದ 37ನೇ ರೆಜಿಮೆಂಟಿನ ಒಂದು ತುಕಡಿ ಗುಡುಗು ಮಳೆಯಲ್ಲಿ ದಾರಿ ತಪ್ಪಿತು. ಸುತ್ತ ಸಾವಿರಾರು ಹಳ್ಳಿ ಜನ, ಕೈಯಲ್ಲಿ ಭರ್ಜಿ. ಸಿಪಾಯಿಗಳ ಕೈಯಲ್ಲಿದ್ದಿದ್ದು ಹಳೇ ಚಕಮಕಿ ಕೋವಿ. ಮದ್ದು ನೆನೆದು ಒಂದೂ ಹಾರುತ್ತಿಲ್ಲ. ಚೌಕಾಕಾರದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತು ಬಯೋನೆಟ್‌ನಲ್ಲೇ ಜೀವ ಹಿಡಿದುಕೊಂಡರು. ಅವರನ್ನು ಹುಡುಕಿಕೊಂಡು ಬಂದು ಬಿಡಿಸಿದ್ದು ಕೇಪಿನ ಕೋವಿ ಹೊಂದಿದ್ದ ಬ್ರಿಟಿಷ್ ನೌಕಾ ಸೈನಿಕರು. ಅದೇ ಮಳೆಯಲ್ಲಿ ಅವರ ಕೋವಿ ಹಾರಿತು.

ಅಲ್ಲಿ ಊರು ಕಾಯುತ್ತಿದ್ದ ಚೀನಾದ ರೈತರ ಕಡೆಯಿಂದ ನೋಡಿದರೆ ಈ ಕಥೆಯೇ ಬೇರೆ. ಬಾತಿಗೆ ಅಂತ ಹುಟ್ಟಿದ ಉಪಾಯ ಅಲ್ಲಿ ಮನುಷ್ಯರ ಮೇಲೆ ತಿರುಗಿತ್ತು. 1857ರಲ್ಲಿ ನಮ್ಮ ಸಿಪಾಯಿಗಳು ಕೊಬ್ಬು ಸವರಿದ ತೋಟಾಗಳಿಗೆ ಸಿಟ್ಟಾದರಲ್ಲ, ಆ ಎನ್‌ಫೀಲ್ಡ್ ಕೋವಿ ಹೊತ್ತುತ್ತಿದ್ದದ್ದೂ ಕೇಪಿನಿಂದಲೇ. ಇವತ್ತಿನ ತೋಟಾದ ಹಿಂಭಾಗದಲ್ಲಿ ಕಾಣುವ ಪುಟ್ಟ ಚುಕ್ಕೆಯೂ ಕೇಪಿನ ಮೊಮ್ಮಗನೇ.

ಸತ್ತ ಮೇಲೆ ಸಾವಿರ ಪೌಂಡ್

ಇಡೀ ಸೈನ್ಯ ತನ್ನ ಉಪಾಯಕ್ಕೆ ಬದಲಾದಾಗ ಫೋರ್ಸೈತ್ 70 ದಾಟಿದ ಮುದುಕ. ಪರಿಹಾರ ಕೇಳಿದ. 1842ರಲ್ಲಿ ಸರ್ಕಾರ ಕೊಟ್ಟಿದ್ದು 200 ಪೌಂಡ್. ಇದು ತೀರಾ ಕಡಿಮೆ ಆಯ್ತು ಅಂತ ಆತನ ಪರವಾಗಿ ಮಾತಾಡಿದವರು ಇದ್ದರು. ಕೊನೆಗೆ ಇನ್ನೂ 1,000 ಪೌಂಡ್ ಮಂಜೂರಾಯ್ತು. ಆ ಹೊತ್ತಿಗೆ ಪಾದ್ರಿ ಬೆಲ್‌ಹೆಲ್ವಿಯಲ್ಲಿ ಕಣ್ಣು ಮುಚ್ಚಿದ್ದ. ದುಡ್ಡು ಮೂವರು ಸಂಬಂಧಿಕರಿಗೆ ಹಂಚಿಹೋಯ್ತು. 36 ವರ್ಷದ ಹಿಂದೆ ಕಸ ಎತ್ತಿಕೊಂಡು ಹೋಗು ಅಂದಿದ್ದ ಅದೇ ಲಂಡನ್ ಟವರ್‌ನಲ್ಲಿ, 20ನೇ ಶತಮಾನದಲ್ಲಿ ಆತನ ಹೆಸರಿನ ಫಲಕ ಹಾಕಿದರು.

ನಮ್ಮ ಕಡೆ ಅಡಿಕೆ ಸುಲಿಯೋ ಮಷಿನ್, ಮರ ಹತ್ತೋ ಬೈಕು ಅಂತ ಶೆಡ್ಡಿನಲ್ಲಿ ಏನೇನೋ ಮಾಡೋರು ಎಷ್ಟು ಜನ ಇಲ್ಲ! ಡಿಗ್ರಿ ಕೇಳ್ತಾರೆ, ಸರ್ಟಿಫಿಕೇಟ್ ಕೇಳ್ತಾರೆ, ಆಮೇಲೆ ಫೈಲು ಮೂಲೆಗೆ. ಬೆಲ್‌ಹೆಲ್ವಿ ಪಾದ್ರಿಯ ಕಥೆ ಓದಿದಾಗ ನನಗೆ ನೆನಪಾಗಿದ್ದು ಇವರೇ. ನಿಮ್ಮೂರಲ್ಲಿ ಅಂಥವರಿದ್ದರೆ ಬದುಕಿರುವಾಗಲೇ ಒಂದು ಸಲ ಹೋಗಿ ಅವರ ಕೆಲಸ ನೋಡಿ ಬನ್ನಿ.

ನಮ್ಮಜ್ಜನ ಕೋವಿ ಈಗ ಇಲ್ಲ. ಅಜ್ಜ ಹೋದ ಮೇಲೆ ಲೈಸೆನ್ಸ್ ಯಾರ ಹೆಸರಿಗೂ ಮಾಡಿಸಿಕೊಳ್ಳದೆ ಸ್ಟೇಷನ್‌ಗೆ ಒಪ್ಪಿಸಿ ಬಂದೆವು. ಮನೆಯಲ್ಲಿ ಉಳಿದಿರೋದು ಕೇಪು ಹಾಕಿಡ್ತಿದ್ದ ತಗಡಿನ ಡಬ್ಬಿ ಮಾತ್ರ, ಅದೂ ಖಾಲಿ. ಅದರಲ್ಲಿ ಈಗ ಅಮ್ಮ ಸೂಜಿ, ಗುಂಡಿ ಇಟ್ಟುಕೊಂಡಿದ್ದಾರೆ.